ಗಾಲಿಗೆ ಕಲ್ಲು ಕೊಟ್ಟ ಮಳೆಗಾಲ

ಹದಿನಾಲ್ಕು ಸಾವಿರ ರೂಪಾಯಿ. ಯಮಕನಮರಡಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕೈಗಾಡಿಯೊಂದಕ್ಕೆ ನಾನು ಕೊಟ್ಟ ಬೆಲೆ. ಮಿಸ್ತ್ರಿ ಹೇಳಿದ್ದೂ ಹದಿನಾಲ್ಕು, ನಾನು ಕೊಟ್ಟಿದ್ದೂ ಹದಿನಾಲ್ಕು. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಕೊತ್ತಂಬರಿ ಸಿವುಡು ಕೊಂಡರೂ ಮೇಲೆ ಎರಡೆಸಳು ಕರಿಬೇವು ಹಾಕಿಸಿಕೊಳ್ಳದೆ ಸಂತೆಯಿಂದ ಎದ್ದವಳಲ್ಲ ನಾನು. ಆ ದಿನ ಮಾತ್ರ ತುಟಿ ಬಿಚ್ಚದೆ ನೋಟು ತೆಗೆದು ಮುಂದಿಟ್ಟೆ. ದಸ್ತಗೀರ ಮಿಸ್ತ್ರಿ ನೋಟು ಮುಟ್ಟದೆ ನನ್ನ ಮುಖವನ್ನೇ ನೋಡಿದ. "ಯಾಕ್ರಿ ಅಕ್ಕಾರ, ಆರಾಮ ಅದೀರಿಲ್ಲೊ?" ಅಂದ.

ಆರಾಮ ಇರಲಿಲ್ಲ. ಅದೇ ಅಂಗಡಿಯಲ್ಲಿ, ಅದೇ ಮಿಸ್ತ್ರಿಯ ಹತ್ತಿರ, ಕೆಲವೇ ತಿಂಗಳ ಹಿಂದೆ ಇನ್ನೊಂದು ಗಾಡಿ ಮಾಡಿಸಿದ್ದೆ. ಅದಕ್ಕೆ ಕೊಟ್ಟದ್ದು ಇದರ ಅರ್ಧಕ್ಕಿಂತ ಕಡಿಮೆ. ಆ ಅಗ್ಗದ ಗಾಡಿಯ ಉಳಿದ ಬೆಲೆಯನ್ನು ಒಬ್ಬ ಮನುಷ್ಯ ತನ್ನ ಸೊಂಟದಿಂದ ಕೊಟ್ಟಿದ್ದ.

ಇದೆಲ್ಲ ಮತ್ತೆ ನೆನಪಾದದ್ದು ಮೊನ್ನೆ. ಗೋಕಾಕದ ಕೆಳಗಿನ ಓಣಿಯಲ್ಲಿ ನಾನು ಮೊದಲು ಬಾಡಿಗೆಗೆ ಹಿಡಿದಿದ್ದ ಗೋದಾಮು ಮಾರಾಟಕ್ಕಿದೆ ಎಂದು ಕೇಳಿ ನೋಡಲು ಹೋಗಿದ್ದೆ. ಬಾಗಿಲು ತೆಗೆದದ್ದೇ ತಡ, ತೊಯ್ದ ಗೋಣಿ, ಹಳೆಯ ಬೆಲ್ಲ, ಹಸಿ ಮಣ್ಣುಗೋಡೆ ಮೂರೂ ಕೂಡಿದ ವಾಸನೆ ಮುಖಕ್ಕೆ ಬಡಿಯಿತು. ಎಷ್ಟೋ ವರ್ಷ ಖಾಲಿ ಬಿದ್ದಿದ್ದರೂ ನೆಲ ಇನ್ನೂ ಅಂಗಾಲಿಗೆ ಸಣ್ಣಗೆ ಅಂಟುತ್ತಿತ್ತು. ಬೆಲೆ ಕೇಳಲು ಹೋದವಳು ಬೆಲೆ ಕೇಳುವುದನ್ನೇ ಮರೆತು ಹೊಸ್ತಿಲ ಮೇಲೆ ಕೂತುಬಿಟ್ಟೆ.

ನಮ್ಮ ಮನೆ ಮೂಡಲಗಿಯ ಬಾಜೂ. ಲಗ್ನವಾಗಿ ಬಂದ ಹೊಸತರಲ್ಲಿ ಬುಟ್ಟಿಯಲ್ಲಿ ಎರಡು ಪೆಂಟಿ ಬೆಲ್ಲ ಇಟ್ಟುಕೊಂಡು ಬಸ್ಸು ಹತ್ತಿ ಸಂತೆಗೆ ಹೋಗುತ್ತಿದ್ದೆ. ಪೆಂಟಿ ಎಂದರೆ ಹತ್ತು ಕಿಲೋದ ಬೆಲ್ಲದ ಮುದ್ದೆ. ಉಗುರು ಊರಿ ಗಟ್ಟಿ ನೋಡುವುದು, ಚೂರು ಮುರಿದು ಒಳಗಿನ ಬಣ್ಣ ನೋಡುವುದು, ನಾಲಗೆಗೆ ಹಚ್ಚಿ ಉಪ್ಪು ಹಿಡಿಯುವುದು ಎಲ್ಲ ಸಂತೆಯಲ್ಲೇ ಕಲಿತೆ. ಎರಡು ಪೆಂಟಿ ಇಪ್ಪತ್ತಾಯಿತು, ಇಪ್ಪತ್ತು ನೂರಾಯಿತು. ಆ ವರ್ಷ ಧೈರ್ಯ ಮಾಡಿ ಗೋಕಾಕದಲ್ಲಿ ಗೋದಾಮು ಹಿಡಿದು ಇನ್ನೂರ ನಲವತ್ತು ಪೆಂಟಿ ತುಂಬಿಸಿದೆ. ಪಂಚಮಿ ಉಂಡಿಗೆ ಇಡೀ ಸೀಮೆ ಬೆಲ್ಲ ಕೊಳ್ಳುತ್ತದೆ, ಅಲ್ಲಿಯವರೆಗೆ ಇಟ್ಟು ಮಾರಬೇಕೆಂಬ ಹಿಕಮತ್ತು. ಅಷ್ಟು ಮಾಲು ಸಾಗಿಸಲು ಗಾಡಿ ಬೇಕಾಯಿತು. ಯಮಕನಮರಡಿಗೆ ಹೋದೆ.

"ದೊಡ್ಡ ರಬ್ಬರ್ ಗಾಲಿ ಹಾಕೂಣ್ರಿ ಅಕ್ಕಾರ. ಬೆಲ್ಲದ ಭಾರ ಐತಿ," ಅಂದ ದಸ್ತಗೀರ.

"ಗಾಲಿ ತಿರಗಿದ್ರ ಸಾಕಿಲ್ಲೊ ಮಿಸ್ತ್ರಿ? ಆ ಮೂಲ್ಯಾಗ ಸಣ್ಣ ಕಬ್ಬಿಣದ ಗಾಲಿ ಬಿದ್ದಾವಲ್ಲ, ಅವನ್ನ ಹಾಕು."

"ಅವು ಹಳೇ ಮಿಷನ್ನಿನವು ರಿ. ನುಣ್ಣನ ಫರಸಿ ಮ್ಯಾಲ ಓಡ್ತಾವ, ಓಣ್ಯಾಗ ಓಡೂದಿಲ್ಲ."

"ಓಡಸಾಕ ಮಂದಿ ಅದಾರ. ಮತ್ತ ಆ ಹಿಡಿಕಿ ಯಾಕ? ಪೈಪ್ ಎಷ್ಟ ತಿಂತೈತಿ ಅದು! ತಗದ ಬಿಡು. ಹಗ್ಗ ಕಟ್ಟಿ ಜಗ್ಗತೇವಿ."

ಹೀಗೆ ಗಾಲಿಯನ್ನೂ ಹಿಡಿಕೆಯನ್ನೂ ಜಗ್ಗಾಡಿ ಜಗ್ಗಾಡಿ ಬೆಲೆ ಇಳಿಸಿದೆ. ನಮ್ಮ ಕಡೆ ಚೌಕಾಸಿಗೆ ಜಗ್ಗಾಡುವುದು ಅಂತಲೇ ಅನ್ನುತ್ತೇವೆ. ಬಸ್ಸಿನಲ್ಲಿ ಮರಳಿ ಬರುವಾಗ ನನ್ನಷ್ಟು ಜಾಣೆ ಮೂರು ತಾಲ್ಲೂಕಿನಲ್ಲಿ ಇಲ್ಲ ಅನ್ನಿಸಿತ್ತು.

ಆ ಗಾಡಿ ಜಗ್ಗಲು ಬಂದವನು ಭೀಮಶಿ. ಅರಭಾವಿ ಕಡೆಯ ಒಕ್ಕಲುತನದ ಮನೆಯವನು, ಮೂವತ್ತರ ಆಸುಪಾಸು, ತಾಲೀಮಿನಲ್ಲಿ ಮೈ ಹುರಿ ಮಾಡಿಕೊಂಡವನು. ಮನೆಯಲ್ಲಿ ಒಂದು ಜೋಡಿ ಖಿಲಾರಿ ಎತ್ತು ಸಾಕಿದ್ದ. ಎತ್ತಿನ ಮಾತು ಬಂದರೆ ಚಹಾ ಆರಿ ಹೋದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಗೋಣಿಚೀಲ ಮಡಚಿ ಎದೆಗೆ ಇಟ್ಟುಕೊಂಡು, ಅದರ ಮೇಲೆ ಹಗ್ಗ ಹಾಯಿಸಿ, ತಲೆ ತಗ್ಗಿಸಿ ಹೊರಟನೆಂದರೆ ಥೇಟು ನೊಗಕ್ಕೆ ಹೆಗಲು ಕೊಟ್ಟಂತೆ. ಎದುರಿನ ಚಹಾದಂಗಡಿಯ ಕಾಕಾ ದಿನಾ ಕೂಗುತ್ತಿದ್ದ: "ಭೀಮಶಿ, ಮೇವ ಹಾಕ್ಯಾರಿಲ್ಲೊ ಇವತ್ತ?"

"ಮೇವ ಆಗೇತಿ ಕಾಕಾ. ನಿನ್ನ ಚಾದ ಹಿಂಡಿ ಒಂದು ಬಾಕಿ ಐತಿ ನೋಡ!"

ಅವನಿಗೆ ಅದು ಬೈಗುಳವಲ್ಲ. ದುಡಿಯುವ ಗಂಡಸನ್ನು ನಮ್ಮಲ್ಲಿ ಹೊಗಳುವುದೇ ಹಾಗೆ: ಎತ್ತಿನಂಗ ದುಡೀತಾನ. ಮುಂದೆ ನಿಂತು ಜಗ್ಗುವವನಿಗೆ ಮಾನ, ಹಿಂದೆ ನಿಂತು ದಬ್ಬುವವರು ಹೆಂಗಸರು, ಮುದುಕರು. ಹೊಲದಲ್ಲಿ ಎತ್ತನ್ನು ಮುಂದೆ ನೋಡಿ ನೋಡಿ ಬೆಳೆದ ನಮಗೆ ಭಾರ ಎಂದರೆ ಮುಂದೆ ನಿಂತು ಎಳೆಯುವುದು ಎಂದು ತಲೆಯಲ್ಲಿ ಕೂತುಬಿಟ್ಟಿತ್ತು. ಅದು ತಪ್ಪಿರಬಹುದು ಎಂದು ಹೇಳುವವರೇ ಇರಲಿಲ್ಲ, ಲಗಮವ್ವ ಬರುವವರೆಗೆ.

ಲಗಮವ್ವ ಹುಕ್ಕೇರಿ ಕಡೆಯ ಕುರಿಗಾರರ ಮನೆಯವಳು. ವಯಸ್ಸು ಅರವತ್ತು ದಾಟಿತ್ತು. ಹರೆಯವೆಲ್ಲ ಗಂಡನ ಜೊತೆ ಕುರಿ ಹಿಂಡಿನ ಹಿಂದೆ ನಡೆದೇ ಸವೆದದ್ದು. ಈಗ ಮಕ್ಕಳು ಹೊಲ ಮಾಡಿಕೊಂಡಿದ್ದರು. ಇವಳು ಗೋಕಾಕದ ಮಗಳ ಮನೆಯಲ್ಲಿದ್ದು, ಸುಮ್ಮನೆ ಕೂತರೆ ಕಾಲು ಹಿಡಿಯುತ್ತವೆ ಎಂದು ನನ್ನ ಗೋದಾಮಿಗೆ ಚೀಲ ಹೊಲಿಯಲು ಬರುತ್ತಿದ್ದಳು. ತೋಳು ನೋಡಿದರೆ ಒಣಗಿದ ಜೋಳದ ದಂಟು. ಮೊದಲ ದಿನವೇ ಸೂಜಿ ನಿಲ್ಲಿಸಿ ಓಣಿಯತ್ತ ನೋಡಿ ಕೇಳಿದಳು: "ತಂಗೀ, ಆ ಪೈಲವಾನ ಏನ ಮಾಡಾಕತ್ತಾನ?"

"ಗಾಡಿ ಜಗ್ಗಾಕತ್ತಾನ ಅವ್ವಾ."

"ಹೌದಾ? ಗಾಡೀನ ಅವನ್ನ ಜಗ್ಗಾಕತ್ತೈತಿ ಅಂತ ತಿಳದಿದ್ದೆ."

ಭೀಮಶಿಗೆ ಕೇಳಿಸಿತು. ಹಗ್ಗ ಇಳಿಸಿ, ಬೆವರು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದ. "ಆಯೀ, ಎತ್ತು ಯಾವಾಗರ ಹಿಂದ ನಿಂತು ಚಕ್ಕಡಿ ದಬ್ಬಿದ್ದು ನೋಡೀರೇನು?"

"ನೋಡಿಲ್ಲಪಾ. ಎತ್ತಿಗಿ ನಾಕು ಕಾಲ ಅದಾವ. ನಿನಗೆಷ್ಟ ಅದಾವ? ಎಣಿಸಿ ಹೇಳು."

ಚಹಾದಂಗಡಿಯ ಬೆಂಚೆಲ್ಲ ನಕ್ಕಿತು. ಭೀಮಶಿಯೂ ನಕ್ಕ. ಲಗಮವ್ವ ನಗಲಿಲ್ಲ. "ಟಗರಿನ ಕೋಡ ಹಿಡದು ಜಗ್ಗಿ ನೋಡು. ನಾಕೂ ಕಾಲ ಊರಿ ನಿಂದರತೈತಿ. ಹಿಂದ ಹೋಗಿ ಮೆಲ್ಲಕ ತೊಡಿ ಹಚ್ಚು, ತಾನ ನಡೀತೈತಿ. ಭಾರಾನೂ ಹಂಗ. ಮುಂದ ನಿಂತವಗ ಭಾರ ಕಾಣೂದಿಲ್ಲ, ಭಾರಕ್ಕ ಅಂವ ಕಾಣತಾನ."

ಆಮೇಲೆ ನನ್ನತ್ತ ತಿರುಗಿ, "ಒಂದ ಬಿದಿರಿನ ಗಳಾ ಕಟ್ಟಸು ತಂಗೀ, ದಬ್ಬಾಕ ಹಿಡಿಕಿ ಆಗತೈತಿ," ಅಂದಳು.

"ಮುಂದಿನ ಸಂತಿಗಿ ನೋಡೂಣು ಅವ್ವಾ," ಅಂದೆ ನಾನು. ಮುಂದಿನ ಸಂತೆ ಬಂತು, ಹೋಯಿತು. ಗಳ ಬರಲಿಲ್ಲ.

ಆಷಾಢದ ಮಳೆ ಹಿಡಿದ ಮೇಲೆ ಸಣ್ಣ ಗಾಲಿಗಳ ನಿಜಗುಣ ಗೊತ್ತಾಗತೊಡಗಿತು. ಲಿಂಬೆಕಾಯಿಯಷ್ಟು ಕಲ್ಲು ಅಡ್ಡ ಬಂದರೂ ಗೋಡೆಗೆ ಬಡಿದಂತೆ ನಿಲ್ಲುತ್ತಿದ್ದವು. ನಿಂತ ಗಾಡಿಯನ್ನು ಭೀಮಶಿ ಒಂದು ಝಟಕಾ ಕೊಟ್ಟು ಎಬ್ಬಿಸುತ್ತಿದ್ದ. ಎದ್ದ ಗಾಡಿ ಇಳಿಜಾರಿನಲ್ಲಿ ಅವನ ಹಿಮ್ಮಡಿಗೆ ಬಂದು ಹೊಡೆಯುತ್ತಿತ್ತು. ಹಿಮ್ಮಡಿ ಸುಲಿದಿತ್ತು. ಮುಂಜಾನೆ ಬಂದವನು ಬಗ್ಗಿ ಗೋಣಿ ಎತ್ತಿಕೊಳ್ಳುವಾಗ ಒಂದು ಕೈ ಸೊಂಟಕ್ಕೆ ಹೋಗುತ್ತಿತ್ತು. ಕೇಳಿದರೆ, "ಉಳುಕ ಐತಿ ಅಕ್ಕಾ, ಹೋಗತೈತಿ," ಅನ್ನುತ್ತಿದ್ದ. ನಾನು ಬಿಸಿ ಎಣ್ಣೆ ತಿಕ್ಕಿಸು, ಅರಿಶಿಣ ಹಚ್ಚು, ಮಗ್ಗುಲಾಗಿ ಮಲಗು ಎಂದು ಹೇಳುತ್ತಿದ್ದೆ. ಸಲಹೆ ಕೊಡುವುದರಲ್ಲಿ ನಾನೆಂದೂ ಕಂಜೂಸಿ ಮಾಡಿದವಳಲ್ಲ.

ನಾಲ್ಕು ದಿನ ಬಿಡದೆ ಹೊಡೆದ ಮಳೆಯ ಐದನೆಯ ಮುಂಜಾನೆ, ಜೀಪಿನಲ್ಲಿ ಮೈಕು ಕಟ್ಟಿಕೊಂಡು ಕೂಗುತ್ತ ಹೋದರು: ನದಿ ಏರುತ್ತಿದೆ, ಸಂಜೆಯೊಳಗೆ ಕೆಳಗಿನ ಓಣಿ ಖಾಲಿ ಮಾಡಿ. ನದಿಯ ಕಡೆ ಹೋಗಿ ನೋಡಿದೆ. ಹೋದ ವಾರ ಹೆಂಗಸರು ಬಟ್ಟೆ ಒಗೆದ ಕಲ್ಲುಗಳು ಕಾಣಲಿಲ್ಲ. ನೀರು ಗದ್ದಲ ಮಾಡುತ್ತಿರಲಿಲ್ಲ, ಅದೇ ಹೆದರಿಕೆ. ಗಾಣದ ಕಡಾಯಿಯಲ್ಲಿ ಕುದಿಯುವ ಕಬ್ಬಿನ ಹಾಲಿನ ಬಣ್ಣದ್ದು, ಅಗಲಕ್ಕೆ ಅಗಲ, ಒಂದು ಇಡೀ ಊರೇ ಎದ್ದು ನಡೆದಂತೆ ನಡೆಯುತ್ತಿತ್ತು. ನೋಡುತ್ತಿದ್ದಂತೆ ಒಂದು ಮೆಟ್ಟಿಲು ಮುಳುಗಿತು.

ಬೆಲ್ಲಕ್ಕೆ ನೀರು ತಾಗಿದರೆ ಉಳಿಯುವುದು ಗೋಣಿ ಮಾತ್ರ. ಮೇಲಿನ ಓಣಿಯಲ್ಲಿ ಒಂದು ಹಳೆಯ ಹತ್ತಿ ಗೋದಾಮು ಖಾಲಿ ಇತ್ತು, ಫೋನು ಹಚ್ಚಿ ಅದನ್ನು ಹಿಡಿದೆ. ಟೆಂಪೊ ಸಿಗಲಿಲ್ಲ, ಹಮಾಲರೂ ಸಿಗಲಿಲ್ಲ. ಎಲ್ಲರೂ ತಂತಮ್ಮ ಮನೆ ಸಾಮಾನು ಸಾಗಿಸುತ್ತಿದ್ದರು. ಇದ್ದವರು ನಾವು ಮೂವರು.

ಮೊದಲ ಖೇಪಿಗೆ ಮೂವತ್ತು ಪೆಂಟಿ ಹೇರಿಸಿದೆ. ಬಂಡಿಯ ಮೇಲೆ ಬಂಡಿ ಹೇರಿದಂತೆ ಎತ್ತರ. ಲಗಮವ್ವ, "ಅರ್ಧಾ ಇಳಸು ತಂಗೀ," ಅಂದಳು. "ಹೊತ್ತಿಲ್ಲವ್ವಾ," ಅಂದೆ. ಭೀಮಶಿ ಜಾರಬಾರದೆಂದು ಹಗ್ಗವನ್ನು ಎದೆಗೆ ಎರಡು ಸುತ್ತು ಸುತ್ತಿ ಗಂಟು ಹಾಕಿಕೊಂಡ. ನಾನು ಕೊಡೆ ಹಿಡಿದು ಪಕ್ಕದಲ್ಲಿ ನಡೆಯುತ್ತ ಕೂಗಿದೆ. "ಜಗ್ಗು ಭೀಮಶಿ, ಜಗ್ಗು!"

ಓಣಿ ನಡುವೆ ಒಂದು ಗಟಾರ ಅಡ್ಡ ಹಾಯುತ್ತದೆ, ಮೇಲೆ ಹಾಸುಗಲ್ಲು. ಮುಂದಿನ ಗಾಲಿ ಆ ಕಲ್ಲಿನ ಅಂಚಿಗೆ ಬಂದು ನಿಂತಿತು. ಭೀಮಶಿ ತಿರುಗಿ ನೋಡಲಿಲ್ಲ. ಮುಂದಿದ್ದವನಿಗೆ ಕಾಣುವುದಾದರೂ ಹೇಗೆ? ಉಸಿರು ಹಿಡಿದು, ಮೈ ಒಂದು ಮಗ್ಗುಲಿಗೆ ತಿರುಚಿ ಝಟಕಾ ಕೊಟ್ಟ. ಹಸಿ ಕಟ್ಟಿಗೆ ಮುರಿದಂತೆ ಅವನ ಬಾಯಿಂದ ಒಂದು ಸದ್ದು ಬಂತು. ಅವನು ಮೊಣಕಾಲೂರಿದ. ಗಾಡಿ ಹಿಂದಕ್ಕೆ ಉರುಳಿತು. ಎದೆಗೆ ಗಂಟು ಬಿದ್ದ ಹಗ್ಗ ಅವನನ್ನೂ ಕೆಸರಿನಲ್ಲಿ ದರದರ ಎಳೆದುಕೊಂಡು ಇಳಿಯತೊಡಗಿತು. ನನ್ನ ಕೊಡೆ ಎಲ್ಲಿ ಬಿತ್ತೋ. ಗಾಡಿಗೆ ಅಡ್ಡ ಓಡಿದೆ. "ಹಿಂದ ಹೋಗಬ್ಯಾಡ!" ಎಂದು ಲಗಮವ್ವ ಚೀರಿದಳು. ಅವಳು ಮಗ್ಗುಲಿನಿಂದ ಬಂದು, ದಾರಿಬದಿಯ ಕಲ್ಲೊಂದನ್ನು ಅಂಗಾಲಿನಿಂದ ಹಿಂದಿನ ಗಾಲಿಯ ಕೆಳಗೆ ತಳ್ಳಿದಳು. ಅಷ್ಟು ದೊಡ್ಡ ಭಾರ ಆ ಸಣ್ಣ ಕಲ್ಲಿಗೆ ತಲೆ ಇಟ್ಟು ಸುಮ್ಮನೆ ನಿಂತಿತು.

ಚೀಲ ಕೊಯ್ಯುವ ಚೂರಿಯಿಂದ ಹಗ್ಗ ಕತ್ತರಿಸಿದೆವು. ಭೀಮಶಿ ಬೋರಲು ಬಿದ್ದಿದ್ದ. ಮಳೆ ಅವನ ಬೆನ್ನ ಮೇಲೆ ಬೀಳುತ್ತಿತ್ತು. "ಆಯೀ," ಅಂದ ಸಣ್ಣ ದನಿಯಲ್ಲಿ, "ನನ್ನ ಕಾಲ ಎಣಸ. ಅದಾವೊ ಇಲ್ಲೊ ನನಗ ಗೊತ್ತಾಗವಲ್ದು."

ಲಗಮವ್ವ ಕೆಸರಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಅವನ ಹತ್ತೂ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದಳು. "ಎರಡೂ ಅದಾವ ಮಗನ. ಇದ್ದಲ್ಲೆ ಅದಾವ," ಅಂದಳು. ಯಾವ ಬೆರಳು ಹಿಡಿದಾಗಲೂ ಅವನು ಕಾಲು ಸೆಳೆದುಕೊಳ್ಳಲಿಲ್ಲ. ಅದನ್ನು ನಾನೂ ನೋಡಿದೆ, ಅವಳೂ ನೋಡಿದಳು.

ಚಹಾದಂಗಡಿಯ ಕಾಕಾ ಒಂದು ಬಾಗಿಲ ಹಲಗೆ ತಂದ. ಬೆನ್ನು ಅಲುಗದಂತೆ ಅದರ ಮೇಲೆ ಸರಿಸಿ, ಮೇಲಿನ ಓಣಿಗೆ ಒಯ್ದು, ಯಾರದೋ ಸಾಮಾನು ಹೇರಿದ್ದ ಟೆಂಪೊವನ್ನೇ ಖಾಲಿ ಮಾಡಿಸಿ ದವಾಖಾನೆಗೆ ಕರೆದೊಯ್ದರು. ನಾನು ಹತ್ತಲು ಹೋದರೆ ಭೀಮಶಿ, "ಅಕ್ಕಾ, ನೀವು ಬೆಲ್ಲಾ ನೋಡ್ರಿ," ಅಂದ. ಅವನು ಹೇಳಿದ್ದಕ್ಕೆ ಉಳಿದೆನೋ, ನನಗೇ ಉಳಿಯಬೇಕಿತ್ತೋ, ಇವತ್ತಿಗೂ ಖರೆ ಹೇಳಲಾರೆ. ಉಳಿದೆ.

ಆಮೇಲೆ ಆ ಹಗಲು ನಾನು ಕಂಡದ್ದನ್ನು ಹೇಗೆ ಹೇಳಲಿ? ಎಷ್ಟೋ ಯಂತ್ರ ನೋಡಿದ್ದೇನೆ, ಕ್ರೇನು ನೋಡಿದ್ದೇನೆ. ಅಂಥ ಬೆರಗು ಮತ್ತೆ ಬಂದಿಲ್ಲ.

ಲಗಮವ್ವ ಕಂಬಳಿಯ ಕೊಪ್ಪೆ ಹಾಕಿಕೊಂಡು ಮೊದಲು ಗಾಡಿಯನ್ನು ಮುಟ್ಟಲೇ ಇಲ್ಲ. ಬರಿಗಾಲಿನಲ್ಲಿ ಓಣಿಯನ್ನು ಮೇಲಿನವರೆಗೆ ನಡೆದುಹೋದಳು. ಹೋಗುತ್ತ ಅಂಗಾಲಿಗೆ ಸಿಕ್ಕ ಕಲ್ಲುಗಳನ್ನೆಲ್ಲ ಬದಿಗೆ ಸರಿಸಿದಳು, ಕೆಸರಿದ್ದಲ್ಲಿ ಗೋಣಿ ಹಾಸಿದಳು, ಹಾಸುಗಲ್ಲಿನ ಅಂಚಿಗೆ ಹಲಗೆ ಓರೆಯಾಗಿ ಇಟ್ಟಳು. ನಾನು ನದಿಯತ್ತ ನೋಡಿ ಚಡಪಡಿಸುತ್ತಿದ್ದೆ. "ಅವ್ವಾ, ನೀರ ಬರಾಕತ್ತೈತಿ."

"ಬರ್ಲಿ. ದಾರಿ ನೋಡದ ಹಿಂಡ ಬಿಟ್ರ ಇಡೀ ದಿನಾನ ಹೋಗತೈತಿ."

ಕಾಕಾನ ಛಪ್ಪರದಿಂದ ಒಂದು ಬಿದಿರು ಎಳೆದು ತಂದಳು. ಗಾಡಿಯ ಹಿಂಭಾಗಕ್ಕೆ ಎರಡು ಕೋಲು ನಿಲ್ಲಿಸಿ, ಅಡ್ಡಲಾಗಿ ಬಿದಿರು ಕಟ್ಟಿದಳು. ಕಟ್ಟುವ ಮೊದಲು ಮುಂಗೈ ಮಡಚಿ ತನ್ನ ಮೊಣಕೈಗೆ ಅಳೆದುಕೊಂಡಳು. ಸೊಂಟಕ್ಕಿಂತ ಮೇಲೆ, ಎದೆಗಿಂತ ಕೆಳಗೆ. ಗಾಲಿಯ ಅಚ್ಚಿಗೆ ಎಣ್ಣೆ ಸುರಿದಳು. ಹದಿನೈದೇ ಪೆಂಟಿ ಹೇರಿದಳು, ಅದೂ ಬಿದಿರಿನ ಮೇಲಿಂದ ದಾರಿ ಕಾಣುವಷ್ಟು ಎತ್ತರಕ್ಕೆ ಮಾತ್ರ. ಮಾಲಕಿ ನಾನು. ನನ್ನ ಕೈಗೆ ಏನು ಕೊಟ್ಟಳು ಗೊತ್ತೇ? ಭೀಮಶಿಯ ಜೀವ ಉಳಿಸಿದ ಆ ಕಲ್ಲು.

"ಮಗ್ಗಲಾಗ ನಡಿ. ನಾ 'ಕಲ್ಲ ಕೊಡು' ಅಂದ ಕೂಡಲೇ ಗಾಲಿ ಕೆಳಗ ಕೊಡು. ಹಿಂದ ಬರಬ್ಯಾಡ, ಮುಂದೂ ಹೋಗಬ್ಯಾಡ."

ಆಮೇಲೆ ಬಿದಿರಿಗೆ ಎರಡೂ ಅಂಗೈ ಇಟ್ಟು, ಒಂದು ಕಾಲು ಹಿಂದೆ ಊರಿ, ಬೆನ್ನು ನೆಟ್ಟಗೆ ಇಟ್ಟುಕೊಂಡು ಒರಗಿದಳು. ದಬ್ಬಲಿಲ್ಲ. ಒರಗಿ ಕಾದಳು, ಅಷ್ಟೇ. ಏನೂ ಆಗಲಿಲ್ಲ. ನಾನು ಇನ್ನೇನು ಬಾಯಿ ಬಿಡಬೇಕು, ಗಾಡಿ ತಾನೇ ಮನಸ್ಸು ಮಾಡಿದಂತೆ ಅಲುಗಿತು. ಅವಳ ಹೆಜ್ಜೆ ಅದರ ಹಿಂದೆ ಬಿತ್ತು. ಝಟಕಾ ಇಲ್ಲ, ಹುಂಕಾರ ಇಲ್ಲ. ಏರಿನಲ್ಲಿ ನೆಟ್ಟಗೆ ಹೋಗಲಿಲ್ಲ. ಕುರಿಗಳು ಗುಡ್ಡ ಏರುವಾಗ ಹೇಗೆ ಅಡ್ಡಡ್ಡ ಹಾಯ್ದು ಏರುತ್ತವೋ ಹಾಗೆ ಓಣಿಯ ಈ ಬದಿಯಿಂದ ಆ ಬದಿಗೆ, ಆ ಬದಿಯಿಂದ ಈ ಬದಿಗೆ. ತಿರುಗಿಸಬೇಕಾದಲ್ಲಿ ಸೊಂಟ ತಿರುಚಲಿಲ್ಲ, ಸಣ್ಣ ಸಣ್ಣ ಹೆಜ್ಜೆ ಇಟ್ಟು ಇಡೀ ಮೈಯನ್ನೇ ಸುತ್ತಿಸಿಕೊಂಡಳು. ಹತ್ತು ಹನ್ನೆರಡು ಹೆಜ್ಜೆಗೆ ಒಮ್ಮೆ, "ಕಲ್ಲ ಕೊಡು." ನಾನು ಕೊಡುತ್ತಿದ್ದೆ. ಗಾಡಿ ನಿಲ್ಲುತ್ತಿತ್ತು. ಅವಳು ಕೈ ಜಾಡಿಸಿ ನಾಲ್ಕು ಉಸಿರು ಎಣಿಸಿ ಮತ್ತೆ ಒರಗುತ್ತಿದ್ದಳು.

ಎರಡನೆಯ ಖೇಪಿನ ಹೊತ್ತಿಗೆ ನನ್ನ ಚಡಪಡಿಕೆ ಹೋಯಿತು. ಇನ್ನೂರು ಕಿಲೋ ಹತ್ತಿರದ ಭಾರ ಒಣಗಿದ ಆ ಎರಡು ತೋಳುಗಳ ಮುಂದೆ ಸಾಕಿದ ಟಗರಿನಂತೆ ನಡೆಯುತ್ತಿತ್ತು. ಅವಳು ಬಲ ಖರ್ಚು ಮಾಡುತ್ತಿರಲಿಲ್ಲ, ತನ್ನ ಮೈಯ ತೂಕವನ್ನು ಗಾಡಿಗೆ ಕೈಗಡ ಕೊಟ್ಟು ಮರಳಿ ಪಡೆಯುತ್ತಿದ್ದಳು. ನಲವತ್ತು ವರ್ಷ ಸಂತೆಯಲ್ಲಿ ವ್ಯಾಪಾರ ಮಾಡಿದರೂ ಅಂಥ ವ್ಯವಹಾರ ನಾನು ಕುದುರಿಸಲಾರೆ.

ಏಳನೆಯ ಖೇಪಿನಲ್ಲಿ, ದವಾಖಾನೆಗೆ ಹೋಗಿದ್ದ ಕಾಕಾನ ಫೋನು ಬಂತು. "ಡಾಕ್ಟರು ಏನೂ ಹೇಳವಲ್ರು ಸುವರ್ಣಕ್ಕ. ಬೆನ್ನಿನ ಫೋಟೋ ತಗ್ಯಾಕ ಒಳಗ ಕರಕೊಂಡ ಹೋಗ್ಯಾರ." ಫೋನು ಇಟ್ಟು ನಾನು ಬಿಕ್ಕಿದೆ. ಲಗಮವ್ವ ಬಿದಿರಿನಿಂದ ಬದಿಗೆ ಸರಿದು, "ಈಗ ನೀ ಹಚ್ಚು ಕೈ," ಅಂದಳು.

ನಾನು ರೂಢಿಯಂತೆ ಮೈಯೆಲ್ಲ ಬಿಗಿ ಮಾಡಿ ಜೋರಾಗಿ ನೂಕಿದೆ. ಗಾಡಿ ಜಗ್ಗಲಿಲ್ಲ. "ಗಾಡಿ ಜೋಡಿ ಜಗಳಾ ಮಾಡಾಕತ್ತೀಯಲ್ಲ ಯವ್ವಾ. ಒರಗು. ಕಾಯಿ." ಒರಗಿದೆ. ಕಾದೆ. ಅಂಗೈಯ ಕೆಳಗೆ ಬಿದಿರು ಮೊದಲು ಕಲ್ಲಿನಂತಿತ್ತು, ಆಮೇಲೆ ಸಣ್ಣಗೆ ಜೀವ ಬಂತು, ಆಮೇಲೆ ನಡೆಯಿತು. ಅಳು ಎಲ್ಲಿ ಹೋಯಿತೋ. ಮೈ ಜುಂ ಎಂದಿತು. ಭೀಮಶಿಗೆ ಇದನ್ನು ಒಮ್ಮೆ ತೋರಿಸಿದ್ದರೆ, ಬರೀ ಒಂದು ಬಿದಿರು ತಂದುಕೊಟ್ಟಿದ್ದರೆ ಎಂಬ ಮಾತು ಪ್ರತಿ ಹೆಜ್ಜೆಗೂ ಬಂತು.

ಹದಿನಾರು ಖೇಪು. ಕೊನೆಯ ಖೇಪು ಹಾಸುಗಲ್ಲು ದಾಟಿದಾಗ ಹಿಂದೆ ತಿರುಗಿ ನೋಡಿದೆ. ಇನ್ನೂ ಬೆಳಕಿತ್ತು. ಕಂದು ನೀರು ಗೋದಾಮಿನ ಹೊಸ್ತಿಲನ್ನು ನೆಕ್ಕುತ್ತಿತ್ತು. ಒಂದು ಪೆಂಟಿಯೂ ಹೋಗಿರಲಿಲ್ಲ. ಲಗಮವ್ವ ಕೊಪ್ಪೆ ತೆಗೆದು ಜಾಡಿಸಿ, "ನಡಿ, ಈಗ ಅವನ ಕಾಲ ಎಣಸೂಣು," ಅಂದಳು.

ಒದ್ದೆ ಸೀರೆಯಲ್ಲೇ ದವಾಖಾನೆಗೆ ಹೋದೆವು. ಬೆನ್ನಿನ ಎಲುಬಿನ ನಡುವಿನ ಗಾದಿ ಸರಿದು ನರ ಒತ್ತಿದೆ ಎಂದರು ಡಾಕ್ಟರು. ಭೀಮಶಿ ಕಣ್ಣು ಮುಚ್ಚಿ ಮಲಗಿದ್ದ. ಪಕ್ಕದಲ್ಲಿ ಅರಭಾವಿಯಿಂದ ಬಂದ ಹೆಂಡತಿ. ಲಗಮವ್ವ ನೇರ ಕಾಲ ಬಳಿ ಹೋಗಿ ಹೊದಿಕೆ ಸರಿಸಿ ಕಿರುಬೆರಳು ಹಿಡಿದು ಹಿಂಡಿದಳು.

"ಎಪ್ಪಾ! ಯಾರದು?"

"ನಿನ್ನ ಎತ್ತಿನ ಡಾಕ್ಟರ," ಅಂದಳು ಲಗಮವ್ವ.

ಎರಡು ತಿಂಗಳು ಅವನು ಹಾಸಿಗೆ ಹಿಡಿದ. ದವಾಖಾನೆಯದೂ ಪಗಾರದ್ದೂ ನನ್ನ ಮೇಲಿತ್ತು, ಅದು ನನ್ನ ಕೆಲಸ, ಅದನ್ನಿಲ್ಲಿ ಬರೆದು ದೊಡ್ಡವಳಾಗುವುದಿಲ್ಲ. ವಾರಕ್ಕೊಮ್ಮೆ ಕಾಲೇಜಿನ ಹುಡುಗರು ತುಂಬಿದ ಬಸ್ಸಿನಲ್ಲಿ ಅರಭಾವಿಗೆ ಹೋಗುತ್ತಿದ್ದೆ. ಮಂಚವನ್ನು ಎತ್ತುಗಳು ಕಾಣುವಂತೆ ಬಾಗಿಲಿಗೆ ಹಾಕಿಸಿಕೊಂಡಿದ್ದ. ಒಮ್ಮೆ ಲಗಮವ್ವನೂ ಬಂದಿದ್ದಳು. "ಆಯೀ, ಇನ್ನ ಝಟಕಾ ಹಾಕಿ ಏನೂ ಜಗ್ಗಬಾರ್ದು ಅಂದಾರ ಡಾಕ್ಟರು. ಜಗ್ಗಾಕ ಆಗದ ಗಂಡಸು ಯಾಕ ಬೇಕು ಯಾರಿಗೆ?" ಅಂದ, ಮುಖ ಆ ಕಡೆ ತಿರುಗಿಸಿ.

"ನಾಕು ನೂರು ಕುರಿ ಹೊಡಕೊಂಡು ಘಟ್ಟದ ತನಕಾ ಹೋಗೇನಿ," ಅಂದಳು ಅವಳು. "ಒಂದು ದಿನಾನೂ ಮುಂದ ಹೋಗಿಲ್ಲ. ಯಾರರ ನನ್ನ ಸಣ್ಣಾಕಿ ಅಂದಾರೇನು?"

ಆ ವಾರವೇ ನಾನು ಯಮಕನಮರಡಿಗೆ ಹೋದೆ. ದೊಡ್ಡ ರಬ್ಬರ್ ಗಾಲಿ, ಒಳಗೆ ಬೇರಿಂಗು, ಭೀಮಶಿಯ ಮೊಣಕೈ ಎತ್ತರಕ್ಕೆ ಹಿಡಿಕೆ. ಅಳತೆಗೆಂದು ಅವನ ಮನೆಯಿಂದಲೇ ಒಂದು ದಾರ ಕತ್ತರಿಸಿಕೊಂಡು ಹೋಗಿದ್ದೆ. ಹದಿನಾಲ್ಕು ಸಾವಿರ ಅಂದ, ಕೊಟ್ಟೆ. "ಆರಾಮ ಅದೀರಿಲ್ಲೊ" ಎಂದು ಕೇಳಿದ ಮಿಸ್ತ್ರಿಗೆ ಎಲ್ಲ ಹೇಳಿದೆ. ಅವನು ಗಾಲಿಗೆ ಕಟ್ಟುವ ಒಂದು ಕಬ್ಬಿಣದ ಬ್ರೇಕು ಕೂಡ ಹಾಕಿಕೊಟ್ಟ. ಅದಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಬರುವಾಗ ಗೋಕಾಕ ಫಾಲ್ಸಿನ ಹತ್ತಿರ ಟೆಂಪೊ ನಿಲ್ಲಿಸಿ ಇಳಿದೆ. ಇಷ್ಟು ವರ್ಷ ದಾಟಿ ಹೋಗಿದ್ದೆ, ನಿಂತು ನೋಡಿರಲಿಲ್ಲ. ಕಿವಿ ಮುಚ್ಚಿಹೋಗುವ ಆ ಸದ್ದಿನಲ್ಲಿ, ಮುಖಕ್ಕೆ ತುಂತುರು ಬಡಿಯುತ್ತಿರಲು, ಅಷ್ಟು ನೀರನ್ನು ಮುಂದೆ ನಿಂತು ಯಾರೂ ಜಗ್ಗುತ್ತಿಲ್ಲವಲ್ಲ, ಹಿಂದಿನ ನೀರೇ ಮುಂದಿನದಕ್ಕೆ ಒರಗುತ್ತಿದೆಯಲ್ಲ ಅನ್ನಿಸಿತು. ಕೈ ಮುಗಿದೆ. ಯಾರಿಗೆ ಮುಗಿದೆನೋ ಗೊತ್ತಿಲ್ಲ, ಕಣ್ಣ ಮುಂದೆ ಬಂದದ್ದು ಕಂಬಳಿಯ ಕೊಪ್ಪೆ.

ದೀಪಾವಳಿ ಮುಗಿದ ಮೇಲೆ ಭೀಮಶಿ ಕೆಲಸಕ್ಕೆ ಬಂದ. ಹೊಸ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಹಿಂದೆ ಹೋಗಿ ನಿಂತ. ಅಂಗೈ ಇಟ್ಟು, ಒರಗಿ, ಕಾದ. ಗಾಡಿ ಹೊರಟಿತು. ಎದುರಿನಿಂದ ಯಾರೋ ಕೂಗಿದರು: "ಏನಪಾ, ಎತ್ತು ಹಿಂದ ಬಂತು?"

ನಾನು ಕಲ್ಲು ಹಿಡಿದು ಮಗ್ಗುಲಿಗಿದ್ದೆ. ಭೀಮಶಿ ಹೆಜ್ಜೆ ನಿಲ್ಲಿಸದೆ ಹೇಳಿದ: "ಎತ್ತಲ್ಲೊ ಮಾರಾಯಾ. ಎಣಿಸಿ ನೋಡೇನಿ, ಎರಡ ಕಾಲ ಅದಾವ."

ಅವನು ಇಂದಿಗೂ ನನ್ನ ಜೊತೆಗಿದ್ದಾನೆ. ಮೀಸೆ ಬೆಳ್ಳಗಾಗಿದೆ, ನಡಿಗೆ ನೆಟ್ಟಗಿದೆ. ಲಗಮವ್ವ ಇಲ್ಲ. ಮೊನ್ನೆ ಆ ಖಾಲಿ ಗೋದಾಮಿನ ಮೂಲೆಯಲ್ಲಿ ಅವಳ ಚೀಲ ಹೊಲಿಯುವ ದಬ್ಬಣ ಸಿಕ್ಕಿತು, ತಂದಿದ್ದೇನೆ.

ಓದಿದ ಮೇಲೆ ನನ್ನ ಮಾತು ಇಷ್ಟು ನಡೆಸಿಕೊಡಿ. ನೀವು ಬೆಲ್ಲದವರಿರಿ, ಗ್ಯಾಸ್ ಸಿಲಿಂಡರಿನವರಿರಿ, ಹಾಲಿನ ಕ್ಯಾನಿನವರಿರಿ, ಗಾಡಿ ಕೊಳ್ಳುವಾಗ ಖಾಲಿ ಗಾಡಿಯನ್ನು ಒಂದೇ ಬೆರಳಿನಿಂದ ದಬ್ಬಿ ನೋಡಿ, ಹೋಗದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ ಅನ್ನಿ. ಬೆಲೆಯಲ್ಲಿ ಎಷ್ಟಾದರೂ ಜಗ್ಗಾಡಿ, ಗಾಲಿ ಮತ್ತು ಹಿಡಿಕೆಯಲ್ಲಿ ಜಗ್ಗಾಡಬೇಡಿ. ಹಿಡಿಕೆ ದಬ್ಬುವವನ ಮೊಣಕೈಗೆ ಬರಲಿ, ಮಾಲು ಅವನ ಕಣ್ಣಿಗಿಂತ ಕೆಳಗಿರಲಿ. ಹೇರುವ ಮೊದಲು ದಾರಿಯನ್ನು ಒಮ್ಮೆ ಬರಿಗೈಯಲ್ಲಿ ನಡೆದು ಬನ್ನಿ. ಜಗ್ಗದೆ ಗತಿಯಿಲ್ಲ ಎಂದಾದರೂ ಹಗ್ಗವನ್ನು ಮೈಗೆ ಮಾತ್ರ ಕಟ್ಟಿಕೊಳ್ಳಬೇಡಿ, ಕೈಯಲ್ಲಿರಲಿ, ಬಿಟ್ಟರೆ ಬಿಟ್ಟುಹೋಗುವಂತಿರಲಿ. ನಿಂತ ಗಾಡಿಗೆ ಝಟಕಾ ಕೊಡಬೇಡಿ, ಒರಗಿ ಕಾಯಿರಿ. ಉರುಳುವ ಗಾಡಿಗೆ ಅಡ್ಡ ಓಡಬೇಡಿ. ದುಡಿಯುವವನ ಕೈ ಸೊಂಟಕ್ಕೆ ಹೋದದ್ದು ಕಂಡರೆ ಬಿಸಿ ಎಣ್ಣೆಯ ಸಲಹೆ ಕೊಡಬೇಡಿ, ಅರ್ಧ ಭಾರ ಇಳಿಸಿ. ಮತ್ತು ಏರಿನ ದಾರಿ ಇದ್ದಲ್ಲಿ ಗಾಲಿಗೆ ಕೊಡಲು ಒಂದು ಕಲ್ಲು ಸದಾ ಗಾಡಿಯ ಜೊತೆಗಿರಲಿ. ಅದನ್ನು ಹಿಡಿದು ಮಗ್ಗುಲಿಗೆ ನಡೆಯುವವರು ಮಾತ್ರ ಆಳಾಗಿರಬಾರದು. ಮಾಲು ಯಾರದೋ, ಕಲ್ಲು ಅವರ ಕೈಯಲ್ಲಿರಲಿ.